ಹಾಡು ಹಿಡಿಯುವ ಗಣಕಯಂತ್ರ

ಕಳೆದ ತಿಂಗಳು ಮನೆಯ ವಿದ್ಯುತ್ ತಂತಿಗಳು ಹಾಗೂ ಅರ್ಥಿಂಗ್ ವಿಷಯವಾಗಿ ಈ ಅಂಕಣದಲ್ಲಿ ಬರೆದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಒಂದು ಬೇರೆಯೇ ಬಗೆಯದಾಗಿತ್ತು. ಬರೆದವರು ಹಾವೇರಿ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕರು. ಪದವಿ ತರಗತಿಯಲ್ಲಿ ಓದುತ್ತಿರುವ ಅವರ ಕಿರಿಯ ಮಗ ಎಂಟು ವರ್ಷಗಳಿಂದ ಗುರುಗಳ ಬಳಿ ಹಿಂದೂಸ್ತಾನಿ ಗಾಯನವನ್ನು ಅಭ್ಯಾಸ ಮಾಡುತ್ತಿದ್ದಾನೆ. ಹಾರ್ಮೋನಿಯಂ ಕೂಡ ತಕ್ಕಮಟ್ಟಿಗೆ ನುಡಿಸುತ್ತಾನೆ. ತಾನು ಹಾಡಿದ್ದನ್ನು ಮನೆಯಲ್ಲಿಯೇ ಮುದ್ರಿಸಿ, ತಂಬೂರಿ ತಬಲಾಗಳೊಂದಿಗೆ ಹೊಂದಿಸಿ, ನಾಲ್ಕು ಜನ ಕೇಳುವಂತೆ ಸಿದ್ಧಪಡಿಸಬೇಕೆಂಬ ಹಂಬಲ ಈಗ ಅವನದು. ಅದಕ್ಕೆ ತಕ್ಕ ಗಣಕಯಂತ್ರ ಬೇಕೆಂದು ಅಂಗಡಿಯಿಂದ ಒಂದು ಕೊಟೇಶನ್ ತಂದು ತಂದೆಯ ಮುಂದಿಟ್ಟಿದ್ದಾನೆ. ಮೊತ್ತ 1,45,000 ರೂಪಾಯಿ. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಹಣದಿಂದ ಇಷ್ಟನ್ನು ತೆಗೆದುಕೊಡುವುದು ಉಚಿತವೇ, ಕೊಡದೆ ಹೋದರೆ ಮಗನ ವಿದ್ಯೆಗೆ ತಾವೇ ಅಡ್ಡಬಂದಂತಾಗುವುದಿಲ್ಲವೇ ಎಂದು ಶಿಕ್ಷಕರು ಕೇಳಿದ್ದಾರೆ. ಕೊಟೇಶನ್ನಿನ ಪ್ರತಿಯನ್ನೂ ಪತ್ರದೊಂದಿಗೆ ಲಗತ್ತಿಸಿದ್ದಾರೆ.

ಆ ಪಟ್ಟಿಯನ್ನು ನಾವು ಎರಡು ಸಲ ಓದಿದೆವು. ಆಟಗಳಿಗೆಂದು ತಯಾರಾದ ಭಾರಿ ಗ್ರಾಫಿಕ್ಸ್ ಕಾರ್ಡು ಒಂದು; ಒಟ್ಟು ಮೊತ್ತದ ಮೂರನೆಯ ಒಂದು ಪಾಲು ಅದಕ್ಕೇ ಹೋಗಿದೆ. ಬಣ್ಣಬಣ್ಣದ ದೀಪ ಬೆಳಗುವ ಗಾಜಿನ ಡಬ್ಬಿ, ಅದರೊಳಗೆ ಆರು ಫ್ಯಾನುಗಳು, ಬಾಗಿದ ದೊಡ್ಡ ಪರದೆ. ಎಲ್ಲವೂ ಇತ್ತು, ಮೈಕ್ ಒಂದನ್ನು ಬಿಟ್ಟು! ಹಾಡನ್ನು ಹಿಡಿಯಲು ಹೊರಟ ಪಟ್ಟಿಯಲ್ಲಿ ಹಾಡು ಒಳಗೆ ಬರುವ ಬಾಗಿಲೇ ಇರಲಿಲ್ಲ.

ಹುಡುಗನನ್ನು ನಾವು ಹಳಿಯುವುದಿಲ್ಲ. ಇದೇ ತಪ್ಪನ್ನು ನಮ್ಮ ಮನೆಯಲ್ಲಿ ನಾವೇ ಮಾಡಿದ್ದೇವೆ, ಅದರ ಬೆಲೆಯನ್ನೂ ತೆತ್ತಿದ್ದೇವೆ. ಆ ಕಥೆಯನ್ನು ಮೊದಲು ಹೇಳಿಬಿಡುವುದು ಲೇಸು.

2011ರ ಬೇಸಿಗೆಯಲ್ಲಿ ನಮ್ಮ ದೊಡ್ಡವ್ವನವರು ಮೂರು ವಾರ ನಮ್ಮಲ್ಲಿ ಬಂದು ಉಳಿದಿದ್ದರು. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಬೀಸುಕಲ್ಲಿನ ಪದ, ಸೋಬಾನೆ, ತೊಟ್ಟಿಲ ಹಾಡು ಎಲ್ಲ ಸೇರಿ ಅವರ ಬಾಯಲ್ಲಿ ಎಷ್ಟಿದ್ದವೋ ನಮಗೆ ಲೆಕ್ಕ ಸಿಗದು. ಅಣ್ಣನ ಮಗ ಹೊಸದಾಗಿ ಕೊಂಡ ಗಣಕಯಂತ್ರ ನಡುಮನೆಯಲ್ಲಿತ್ತು. ಅದರ ಮುಂದೆ ಚಾಪೆ ಹಾಸಿ, ದೊಡ್ಡವ್ವನವರನ್ನು ಕೂಡಿಸಿ, ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಒಂದು ಅಗ್ಗದ ಮೈಕನ್ನು ಎದುರಿಗಿಟ್ಟೆವು. ಅವರು ಬಾಯಿ ತೆರೆಯುವ ಮೊದಲು ಆ ಯಂತ್ರದ ಕಡೆ ನೋಡಿ, “ಆ ಪೆಟ್ಟಿಗಿ ಯಾಕ ಹಂಗ ಗುಂಯ್ ಅಂತದ? ಮೊದಲ ಅದನ್ನ ಸುಮ್ಮನ ಮಾಡ್ರಿ, ಆಮ್ಯಾಲೆ ಹಾಡ್ತೀನಿ” ಎಂದರು. ನಾವು ನಕ್ಕೆವು. ಪೆಟ್ಟಿಗೆ ಸುಮ್ಮನಾದರೆ ಹಾಡು ಹಿಡಿಯುವವರು ಯಾರು ಎಂದು ಸಮಾಧಾನ ಹೇಳಿ ಹಾಡಿಸಿದೆವು. ಹದಿನೆಂಟು ಹಾಡುಗಳು ಮುದ್ರಿತವಾದವು.

ಕೇಳಿ ನೋಡಿದರೆ ಪ್ರತಿಯೊಂದು ಹಾಡಿನ ಅಡಿಯಲ್ಲಿಯೂ ಆ ಗುಂಯ್‌ಗುಡುವಿಕೆ ಹಾಸುಗಂಬಳಿಯಂತೆ ಹರಡಿತ್ತು. ಗದ್ದಲ ತೆಗೆಯುವ ತಂತ್ರಾಂಶದಿಂದ ಅದನ್ನು ಕಳೆಯಲು ಹೋದಾಗ ಸದ್ದಿನೊಂದಿಗೆ ಧ್ವನಿಯ ಕಾಂತಿಯೂ ಹೋಗಿ, ದೊಡ್ಡವ್ವನವರು ಬಾವಿಯ ತಳದಿಂದ ಹಾಡುತ್ತಿರುವಂತೆ ಕೇಳಿಸಿತು. ಮತ್ತೊಮ್ಮೆ ಚೆನ್ನಾಗಿ ಮುದ್ರಿಸೋಣ ಎಂದುಕೊಂಡೆವು. ಅದು ಆಗಲಿಲ್ಲ. 2013ರಲ್ಲಿ ಅವರು ಲಿಂಗೈಕ್ಯರಾದರು. ಮರುವರ್ಷ ಆ ಯಂತ್ರದ ಹಾರ್ಡ್‌ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಹಾಡುಗಳ ಇನ್ನೊಂದು ಪ್ರತಿಯನ್ನು ನಾವು ಎಲ್ಲಿಯೂ ಇಟ್ಟಿರಲಿಲ್ಲ. ದುರಸ್ತಿಯವರಲ್ಲಿಗೆ ಒಯ್ದೆವು, ಹಣ ಹೋಯಿತು, ಹಾಡು ಬರಲಿಲ್ಲ. ಈಗ ನಮ್ಮಲ್ಲಿ ಉಳಿದಿರುವುದು 1993ರ ಒಂದು ಮದುವೆಯಲ್ಲಿ ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟಿನಲ್ಲಿರುವ ಮೂರು ಸೋಬಾನೆ ಪದಗಳು ಮಾತ್ರ.

ಆದುದರಿಂದ ಹಾಡು ಹಿಡಿಯುವ ಗಣಕಯಂತ್ರದ ಗುಣವನ್ನು ಯಾರಾದರೂ ಕೇಳಿದರೆ ನಾವು ಅದರ ಬಲವನ್ನು ಮೊದಲು ಹೇಳುವುದಿಲ್ಲ. ಅದು ಸುಮ್ಮನಿರಬಲ್ಲುದೇ, ನಡುವೆ ತಡವರಿಸದೆ ಕೆಲಸ ಮಾಡಬಲ್ಲುದೇ, ಹಿಡಿದದ್ದನ್ನು ಕಾಪಾಡಬಲ್ಲುದೇ ಎಂದು ಕೇಳುತ್ತೇವೆ.

ಒಂದು ಕಾಲಕ್ಕೆ ಹಾಡುವವರೇ ಯಂತ್ರದ ಹದಕ್ಕೆ ಬಗ್ಗಬೇಕಾಗಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕ್ ಎಂಬುದೇ ಬಳಕೆಯಲ್ಲಿರಲಿಲ್ಲ. ದೊಡ್ಡ ಕಹಳೆಯೊಳಗೆ ಮುಖವಿಟ್ಟು, ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಬೇಕಿತ್ತು. ಆ ಮಹಾಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದ ಮೇಲೆ ನಮ್ಮ ಭಾಗದ ಗಾಯಕರಿಗೆ ಸದ್ದಿಲ್ಲದ ಕೋಣೆಯೂ ಒಳ್ಳೆಯ ಮೈಕೂ ದೊರೆತವು. ಇಂದು ಅಂಥದೊಂದು ಕೋಣೆಯ ಕೆಲಸವನ್ನು ಮನೆಯ ಮೇಜಿನ ಮೇಲೆ ಮಾಡಬಹುದಾಗಿದೆ. ಆದರೆ ಆ ಕೋಣೆಯ ನಿಶ್ಶಬ್ದವನ್ನು ನಾವೇ ಒದಗಿಸಿಕೊಳ್ಳಬೇಕು.

ಧ್ವನಿಮುದ್ರಣದಲ್ಲಿ ಗಣಕಯಂತ್ರ ಮಾಡುವುದಾದರೂ ಏನು? ಮೈಕಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಒಂದು ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆಗಳಾಗಿ ಬರೆದಿಡುವುದು. ಈ ಅಳತೆಯ ಕೆಲಸವನ್ನು ಮಾಡುವುದು ಆಡಿಯೋ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆ; ಬರೆದಿಡುವುದು ಮಾತ್ರ ಗಣಕಯಂತ್ರದ ಪಾಲು. ಒಂದು ಮೈಕಿನ ಧ್ವನಿಯನ್ನು 24 ಬಿಟ್ ಸೂಕ್ಷ್ಮತೆಯಲ್ಲಿ ಹೀಗೆ ಬರೆದರೆ ನಿಮಿಷಕ್ಕೆ ಒಂಬತ್ತು ಮೆಗಾಬೈಟಿಗಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ. ಗಾಯನ, ಹಾರ್ಮೋನಿಯಂ, ತಬಲಾ ಎಡ, ತಬಲಾ ಬಲ, ತಂಬೂರಿ ಎಂದು ಐದು ಸಾಲುಗಳಲ್ಲಿ ಆರು ನಿಮಿಷದ ಹಾಡನ್ನು ಮುದ್ರಿಸಿದರೂ 260 ಮೆಗಾಬೈಟ್ ಆದೀತು. ಹತ್ತು ವರ್ಷದ ಹಳೆಯ ಯಂತ್ರಕ್ಕೂ ಇದು ಭಾರವಲ್ಲ. ಕೇವಲ ಹಾಡಿ ಮುದ್ರಿಸುವವರು ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಆಸೆಪಡಬೇಕಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಭಾರ ಬೀಳುವುದು ಇನ್ನೊಂದು ಬಗೆಯ ಕೆಲಸದಲ್ಲಿ. ಕೀಬೋರ್ಡಿನ ಕೀಲಿಯನ್ನು ಒತ್ತಿದಾಗ ಗಣಕಯಂತ್ರವೇ ಸಾರಂಗಿಯಾಗಿಯೋ ಪಿಟೀಲುಗಳ ಮೇಳವಾಗಿಯೋ ನುಡಿಯಬೇಕೆಂದರೆ, ನಿಜವಾದ ವಾದ್ಯಗಳಿಂದ ಮೊದಲೇ ಮುದ್ರಿಸಿಟ್ಟ ಸಾವಿರಾರು ಸ್ವರಗಳನ್ನು ಅದು ಕ್ಷಣಮಾತ್ರದಲ್ಲಿ ಹೆಕ್ಕಿ ಕೊಡಬೇಕಾಗುತ್ತದೆ. 1983ರಲ್ಲಿ ಮಿಡಿ ಎಂಬ ಸಾಮಾನ್ಯ ಭಾಷೆ ವಾದ್ಯಗಳಿಗೂ ಗಣಕಗಳಿಗೂ ದೊರೆತದ್ದರಿಂದ ಈ ಬಗೆಯ ಸಂಗೀತ ಬೆಳೆಯಿತು. ಚಲನಚಿತ್ರದ ಹಿನ್ನೆಲೆ ಸಂಗೀತದಂಥದನ್ನು ಮನೆಯಲ್ಲಿ ಕೂಡಿಸುವವರಿಗೆ ಬಲವಾದ ಯಂತ್ರ ನಿಜಕ್ಕೂ ಬೇಕು. ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮಕ್ಕಳನ್ನು ಕೂಡಿಸಿಕೊಂಡು ಕೇಳಬೇಕಾದ ಪ್ರಶ್ನೆ ಇದು: ನೀನು ಹಾಡಿದ್ದನ್ನು ಹಿಡಿಯಬೇಕೋ, ಯಂತ್ರದಿಂದಲೇ ವಾದ್ಯ ನುಡಿಸಬೇಕೋ? ನಮ್ಮ ಶಿಕ್ಷಕರ ಮಗನ ಕೆಲಸ ಮುಖ್ಯವಾಗಿ ಮೊದಲನೆಯದು, ಅಲ್ಪಸ್ವಲ್ಪ ಎರಡನೆಯದು.

ಯಂತ್ರದ ಮಿದುಳೆನಿಸಿದ ಪ್ರೊಸೆಸರ್ ವಿಷಯದಲ್ಲಿ ಅಂಗಡಿಯವರು ಎಷ್ಟು ಕೋರ್ ಎಂಬ ಎಣಿಕೆಯನ್ನೇ ದೊಡ್ಡದು ಮಾಡುತ್ತಾರೆ. ಸಂಗೀತದಲ್ಲಿ ಒಂದು ಸಾಲಿನ ಧ್ವನಿಯ ಮೇಲೆ ನಡೆಯುವ ಸಂಸ್ಕಾರಗಳೆಲ್ಲ ಒಂದರ ಹಿಂದೆ ಒಂದು ಸರಪಳಿಯಂತೆ ಸಾಗುವುದರಿಂದ, ಆ ಸರಪಳಿಯನ್ನು ಸಾಮಾನ್ಯವಾಗಿ ಒಂದೇ ಕೋರ್ ಎಳೆಯಬೇಕಾಗುತ್ತದೆ. ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಒಂದೊಂದರ ವೇಗ ಹೆಚ್ಚು ಮುಖ್ಯ. ಇತ್ತೀಚಿನ ತಲೆಮಾರಿನ ಇಂಟೆಲ್ ಐ5 ಅಥವಾ ಎಎಂಡಿ ರೈಜನ್ 5 ವರ್ಗದ ಪ್ರೊಸೆಸರ್ ಮನೆಯ ಕೆಲಸಕ್ಕೆ ಧಾರಾಳ. ಗ್ರಾಫಿಕ್ಸ್ ಕಾರ್ಡು ಚಿತ್ರ ಬಿಡಿಸುವ ಯಂತ್ರ. ಧ್ವನಿಯ ಲೆಕ್ಕಾಚಾರದಲ್ಲಿ ಅದಕ್ಕೆ ಬಹುಮಟ್ಟಿಗೆ ಕೆಲಸವಿಲ್ಲ. ಪ್ರೊಸೆಸರಿನೊಳಗೇ ಬರುವ ಗ್ರಾಫಿಕ್ಸ್ ಸಾಕು. ಬೇರೆ ಕಾರ್ಡು ಹಾಕಿಸಿದರೆ ಹಣವೂ ಹೋಗುತ್ತದೆ, ಅದನ್ನು ತಂಪಾಗಿಡಲು ಎರಡು ಫ್ಯಾನೂ ಹೆಚ್ಚುತ್ತವೆ.

ರ‍್ಯಾಮ್ 16 ಜಿಬಿ ಇದ್ದರೆ ಗಾಯನಕ್ಕೆ ಸಾಕು. ವಾದ್ಯಗಳ ದೊಡ್ಡ ಭಂಡಾರಗಳನ್ನು ತೆರೆಯುವವರಿಗೆ 32 ಬೇಕಾದೀತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏಕಾಏಕಿ ಏರಿತು. ಆದ್ದರಿಂದ ಹಳೆಯ ಕೊಟೇಶನ್ನನ್ನು ನಂಬದೆ ಅಂದಿನ ಬೆಲೆಯನ್ನು ಅಂದೇ ಕೇಳಿ ತಿಳಿಯಬೇಕು. ಈಗ 16 ಹಾಕಿಸಿ, ಮುಂದೆ ಸೇರಿಸಲು ಒಂದು ಖಾಲಿ ಜಾಗವಿರುವ ಮದರ್‌ಬೋರ್ಡನ್ನು ಆರಿಸುವುದು ಗೃಹಸ್ಥರಿಗೆ ಒಪ್ಪುವ ಕ್ರಮ. ಆಪಲ್ ಕಂಪನಿಯ ಮ್ಯಾಕ್ ಮಿನಿ, ಮ್ಯಾಕ್‌ಬುಕ್ ಏರ್ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲ; ಕೊಂಡಾಗ ಎಷ್ಟು ರ‍್ಯಾಮ್ ಇತ್ತೋ ಕಡೆಯವರೆಗೂ ಅಷ್ಟೇ. ಆದರೆ ಅವುಗಳ ಪರವಾಗಿ ಒಂದು ಮಾತು ಹೇಳಲೇಬೇಕು. 2020ರಲ್ಲಿ ಆಪಲ್ ತನ್ನದೇ ಎಂ1 ಚಿಪ್ಪನ್ನು ತಂದ ಮೇಲೆ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ದೊಡ್ಡವ್ವನವರು ಬದುಕಿದ್ದರೆ ಆ ಪೆಟ್ಟಿಗೆಯನ್ನು ಮೆಚ್ಚುತ್ತಿದ್ದರು.

ಸೆಕೆಂಡ್‌ಹ್ಯಾಂಡ್ ಯಂತ್ರವನ್ನು ಕೊಳ್ಳಬಹುದೇ ಎಂದೂ ಶಿಕ್ಷಕರು ಕೇಳಿದ್ದಾರೆ. ಕೊಳ್ಳಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಮತ್ತು ಅನಂತರದವು ಮಾತ್ರ ವಿಂಡೋಸ್ 11ಕ್ಕೆ ಅಧಿಕೃತವಾಗಿ ಒಗ್ಗುತ್ತವೆ. ಕಚೇರಿಗಳಿಂದ ಹೊರಬರುವ ಹಳೆಯ ಯಂತ್ರಗಳನ್ನು ಮಾರುವವರು ಈ ಮಾತನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ನೀವೇ ಕೇಳಬೇಕು.

ಸಂಗ್ರಹಕ್ಕೆ ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಅದರಲ್ಲಿ ತಿರುಗುವ ಭಾಗವಿಲ್ಲವಾದ್ದರಿಂದ ಸದ್ದಿಲ್ಲ, ವಾದ್ಯಗಳ ಭಂಡಾರವೂ ಬೇಗ ತೆರೆದುಕೊಳ್ಳುತ್ತದೆ. ಒಂದು ಟಿಬಿ ಇದ್ದರೆ ಹಲವು ವರ್ಷ ಸಾಲುತ್ತದೆ.

ಇನ್ನು ತಡವರಿಸದೆ ಕೆಲಸ ಮಾಡುವ ವಿಷಯ. ಹಾಡುವವನ ಧ್ವನಿ ಮೈಕಿನಿಂದ ಯಂತ್ರದೊಳಗೆ ಹೋಗಿ ಮತ್ತೆ ಅವನ ಕಿವಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಯಂತ್ರವು ಧ್ವನಿಯನ್ನು ಹನಿಹನಿಯಾಗಿ ನುಂಗುವುದಿಲ್ಲ. ಒಂದು ಬೊಗಸೆ ತುಂಬಿದ ಮೇಲೆ ನುಂಗುತ್ತದೆ. ಆ ಬೊಗಸೆಯನ್ನೇ ಬಫರ್ ಎನ್ನುತ್ತಾರೆ. ಬೊಗಸೆಗೆ 256 ಅಳತೆಗಳಾದರೆ ಸೆಕೆಂಡಿನ ಸಾವಿರದಲ್ಲಿ ಐದು ಪಾಲು, 1,024 ಆದರೆ ಇಪ್ಪತ್ತೊಂದು ಪಾಲು ತಡ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಐದು ಪಾಲು ಎಂದರೆ ಧ್ವನಿ ಗಾಳಿಯಲ್ಲಿ ಒಂದೂಮುಕ್ಕಾಲು ಮೀಟರು ನಡೆಯುವ ಹೊತ್ತು. ಹತ್ತಿರ ಕುಳಿತ ಹಾರ್ಮೋನಿಯಂ ಸಾಥಿಗೂ ಗಾಯಕನಿಗೂ ನಡುವೆ ಇರುವ ಅಂತರದಷ್ಟು. ಅದು ಯಾರಿಗೂ ಕಾಡದು. ಇಪ್ಪತ್ತೊಂದಾದರೆ ತಬಲಾದವನು ಏಳು ಮೀಟರು ಆಚೆ, ಪಡಸಾಲೆಯ ಹೊರಗೆ ಕುಳಿತು ನುಡಿಸಿದಂತೆ. ದ್ರುತ್ ಲಯದಲ್ಲಿ ಇದು ಸಹಿಸಲಸಾಧ್ಯ.

ಬೊಗಸೆಯನ್ನು ಚಿಕ್ಕದು ಮಾಡಿದರೆ ತಡ ಕಡಿಮೆಯಾಗುತ್ತದೆ, ಆದರೆ ಯಂತ್ರ ಪದೇಪದೇ ಎದ್ದು ಕೆಲಸ ಮಾಡಬೇಕು. ಒಂದು ಸಲ ತಪ್ಪಿಸಿಕೊಂಡರೂ ಧ್ವನಿಯಲ್ಲಿ ಚಟ್ ಎಂಬ ಒಡಕು ಕೇಳಿಸುತ್ತದೆ. ತಂಬೂರಿಯ ಅಖಂಡ ನಾದದ ಮೇಲೆ ಆ ಒಡಕು ಬಿಳಿಯ ಪಂಚೆಯ ಮೇಲಿನ ಶಾಯಿಯ ಕಲೆಯಂತೆ ಎದ್ದು ಕಾಣುತ್ತದೆ. ನೂರಕ್ಕೆ ತೊಂಬತ್ತು ಜನ ಇಲ್ಲಿ ಪ್ರೊಸೆಸರನ್ನು ದೂರುತ್ತಾರೆ. ದೋಷವಿರುವುದು ಹಲವು ಸಲ ಬೇರೆಡೆ: ವೈಫೈ ಚಾಲಕ ತಂತ್ರಾಂಶ ನಡುವೆ ಬಾಯಿ ಹಾಕುತ್ತದೆ, ಅಥವಾ ಲ್ಯಾಪ್‌ಟಾಪು ವಿದ್ಯುತ್ ಉಳಿಸಲೆಂದು ಅರೆನಿದ್ರೆಗೆ ಜಾರುತ್ತದೆ. ಮುದ್ರಣದ ಹೊತ್ತಿನಲ್ಲಿ ವೈಫೈ ಆರಿಸಿ, ವಿದ್ಯುತ್ ಉಳಿತಾಯದ ಏರ್ಪಾಡನ್ನು ತೆಗೆದು ನೋಡಿ. ಖರ್ಚಿಲ್ಲದ ಔಷಧ. ವಿಂಡೋಸ್ ಬಳಸುವವರು ಇಂಟರ್‌ಫೇಸ್ ತಯಾರಿಸಿದ ಕಂಪನಿಯೇ ಕೊಡುವ ಅಸಿಯೋ ಚಾಲಕವನ್ನು ಹಾಕಿಕೊಳ್ಳಬೇಕು. ಸ್ಟೈನ್‌ಬರ್ಗ್ ಎಂಬ ಜರ್ಮನಿಯ ಸಂಸ್ಥೆ 1997ರಲ್ಲಿ ತಂದ ಈ ವ್ಯವಸ್ಥೆ, ವಿಂಡೋಸಿನ ಒಳದಾರಿಗಳನ್ನು ತಪ್ಪಿಸಿ ಧ್ವನಿಯನ್ನು ನೇರವಾಗಿ ಸಾಗಿಸುತ್ತದೆ.

ಕೇವಲ ಹಾಡುವವರಿಗೆ ಇದಕ್ಕಿಂತ ಸುಲಭದ ದಾರಿಯೂ ಉಂಟು. ಬಹುತೇಕ ಇಂಟರ್‌ಫೇಸುಗಳಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಧ್ವನಿ ಗಣಕಯಂತ್ರವನ್ನು ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ, ತಡದ ಪ್ರಶ್ನೆಯೇ ಏಳುವುದಿಲ್ಲ. ನೂರು ರೂಪಾಯಿಯ ಗುಂಡಿ ಮಾಡುವ ಕೆಲಸಕ್ಕೆ ಐವತ್ತು ಸಾವಿರದ ಪ್ರೊಸೆಸರನ್ನು ಕೊಂಡವರನ್ನು ನಾವು ಬಲ್ಲೆವು.

ಇಂಟರ್‌ಫೇಸಿನಲ್ಲಿ ಎರಡು ಮೈಕ್ ಸಿಕ್ಕಿಸುವ ಅವಕಾಶವಿರಲಿ: ಒಂದು ಗಾಯನಕ್ಕೆ, ಒಂದು ಹಾರ್ಮೋನಿಯಮ್ಮಿಗೆ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್ ಅದರಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಆದರೆ ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ. ಗಾಯನದೊಂದಿಗೆ ಪಕ್ಕದ ಮನೆಯ ಮಿಕ್ಸರನ್ನೂ ಬೀದಿಯ ಬೈಕನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ. ಸದ್ದಿರುವ ಓಣಿಯಲ್ಲಿ ವಾಸಿಸುವವರಿಗೆ ಡೈನಮಿಕ್ ಮೈಕೇ ವಾಸಿ. ಶೂರ್ ಕಂಪನಿಯ ಎಸ್‌ಎಂ 58 ಎಂಬ ಮೈಕ್ 1966ರಲ್ಲಿ ಹೊರಬಂದದ್ದು. ನಮ್ಮ ಊರುಗಳ ಜಾತ್ರೆಯ ವೇದಿಕೆಗಳಲ್ಲಿ ಇಂದಿಗೂ ಕಾಣುವ, ದುಂಡನೆಯ ಜಾಳಿಗೆ ತಲೆಯ ಮೈಕ್ ಅದೇ ಅಥವಾ ಅದರ ನಕಲು. ನಕಲುಗಳ ಹಾವಳಿ ಬಹಳ, ರಸೀದಿ ಕೊಡುವ ಅಂಗಡಿಯಲ್ಲಿಯೇ ಕೊಳ್ಳಬೇಕು.

ಯುಎಸ್‌ಬಿ ಮೈಕ್ ಒಂದಿದ್ದರೆ ಇಂಟರ್‌ಫೇಸೇ ಬೇಡವಲ್ಲ ಎಂದು ಕೆಲವರು ಹೇಳುತ್ತಾರೆ. ಒಬ್ಬರೇ ಹಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಎರಡನೆಯ ಮೈಕ್ ಸೇರಿಸುವಾಗ ತೊಡಕು ಬರುತ್ತದೆ. ಇನ್ನೊಂದು ತೊಂದರೆ ತಂತಿಯ ಉದ್ದದ್ದು: ಸಾಮಾನ್ಯ ಯುಎಸ್‌ಬಿ ತಂತಿ ಐದು ಮೀಟರಿಗಿಂತ ಉದ್ದವಾಗುವಂತಿಲ್ಲ, ಹೀಗಾಗಿ ಹಾಡುವವರು ಯಂತ್ರದ ಮಗ್ಗುಲಲ್ಲೇ ಕೂರಬೇಕು. ಮೂರು ಪಿನ್ನಿನ ಮೈಕ್ ತಂತಿಯಾದರೆ ಹದಿನೈದು ಇಪ್ಪತ್ತು ಮೀಟರು ಎಳೆದರೂ ಧ್ವನಿ ಕೆಡುವುದಿಲ್ಲ. ಯಂತ್ರವನ್ನು ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲ ಸಂದಿಯಿಂದ ತಂತಿಯನ್ನು ತೂರಿಸಿ, ಬಾಗಿಲು ಮುಚ್ಚಿದರೆ ಆಯಿತು. 2011ರಲ್ಲಿ ಇಷ್ಟು ಬುದ್ಧಿ ನಮಗಿದ್ದಿದ್ದರೆ!

ಹಾಡುವ ಕೋಣೆಯ ಬಗ್ಗೆ ಒಂದೇ ಮಾತು. ಗಾಯಕನ ಬೆನ್ನ ಹಿಂದೆ ಎರಡು ದಪ್ಪ ಕೌದಿಗಳನ್ನು ಇಳಿಬಿಟ್ಟರೆ ಗೋಡೆಯ ಮಾರ್ದನಿ ಅಡಗುತ್ತದೆ. ಜೋಳದ ಚೀಲಗಳನ್ನು ಒಟ್ಟಿದ ಕೋಣೆ ಇದ್ದವರ ಭಾಗ್ಯಕ್ಕೆ ಎಣೆಯಿಲ್ಲ. ಚೀಲಗಳು ಸದ್ದನ್ನು ಹೀರುವಂತೆ ಯಾವ ದುಬಾರಿ ಸ್ಪಂಜೂ ಹೀರದು. ಸುಗ್ಗಿಯ ಅನಂತರವೇ ಮುದ್ರಣ ಇಟ್ಟುಕೊಳ್ಳಿ ಎಂದು ನಾವು ತಮಾಷೆಗೆ ಹೇಳುವುದುಂಟು.

ವಿದ್ಯುತ್ತಿನ ವಿಷಯ ಕಳೆದ ಸಂಚಿಕೆಯದೇ ಮುಂದುವರಿಕೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಎಷ್ಟೇ ಒಳ್ಳೆಯ ಯಂತ್ರವಿಟ್ಟರೂ ಮುದ್ರಣದಲ್ಲಿ 50 ಹರ್ಟ್ಸಿನ ಹುಂಕಾರ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಹುಂಕಾರ ನಿಂತರೆ ದೋಷ ಚಾರ್ಜರಿನ ದಾರಿಯಲ್ಲಿದೆ ಎಂದು ತಿಳಿಯಬಹುದು. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನ ವಿದ್ಯುತ್ತಿನಲ್ಲಿ ಮುದ್ರಿಸಿದರೆ ಜೀರುಂಡೆ ಹೊಕ್ಕಂತೆ ಝೇಂಕಾರ ಬರಬಹುದು. ಸೈನ್‌ವೇವ್ ಇನ್ವರ್ಟರ್ ಇರುವುದು ಲೇಸು. ಡೆಸ್ಕ್‌ಟಾಪ್ ಕೊಳ್ಳುವವರು ಯುಪಿಎಸ್ ಇಲ್ಲದೆ ಕೊಳ್ಳಲೇಬಾರದು. ಹಾಡಿನ ನಟ್ಟನಡುವೆ ಕರೆಂಟ್ ಹೋದಾಗಿನ ಸಂಕಟವನ್ನು ನಮ್ಮ ಹಳ್ಳಿಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ವರ್ಗದ ಗಾಯಕರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬೆಳೆದ ದೃಷ್ಟಿಹೀನ ಸಂಗೀತಗಾರರು ನಾಡಿನಾದ್ಯಂತ ಇದ್ದಾರೆ. ಅಂಥವರು ಧ್ವನಿಮುದ್ರಣವನ್ನು ಬೇರೆಯವರ ಕೈಯಿಂದಲೇ ಮಾಡಿಸಬೇಕೆಂಬುದು ಈಗ ನಿಜವಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತ. ರೀಪರ್ ಎಂಬ ಮುದ್ರಣ ತಂತ್ರಾಂಶಕ್ಕೆ ಒಸಾರಾ ಎಂಬ ಉಚಿತ ಜೋಡಣೆಯನ್ನು ಸೇರಿಸಿದರೆ, ಮೌಸ್ ಮುಟ್ಟದೆ ಕೀಲಿಗಳಿಂದಲೇ ಇಡೀ ಕೆಲಸವನ್ನು ನಡೆಸಬಹುದು. ಜಗತ್ತಿನ ಅನೇಕ ಅಂಧ ಕಲಾವಿದರು ಹಾಗೆಯೇ ನಡೆಸುತ್ತಿದ್ದಾರೆ. ಅವರಿಗಾಗಿ ಯಂತ್ರ ಕೊಳ್ಳುವವರು ಸಂಖ್ಯೆಗಳ ಕೀಲಿಸಾಲು ಇರುವ ಪೂರ್ಣ ಕೀಬೋರ್ಡನ್ನೂ, ಕೈಗೆ ಸಿಗುವ ತಿರುಪುಗಳಿರುವ ಇಂಟರ್‌ಫೇಸನ್ನೂ ಆರಿಸಬೇಕು. ಓದಿ ಹೇಳುವ ಧ್ವನಿ ಗಣಕಯಂತ್ರದ ಸ್ವಂತ ಸ್ಪೀಕರಿನಿಂದಲೂ ಸಂಗೀತ ಇಂಟರ್‌ಫೇಸಿನಿಂದಲೂ ಬರುವಂತೆ ಬೇರ್ಪಡಿಸಿ ಕೊಟ್ಟರೆ ಎರಡೂ ಒಂದರ ಮೇಲೊಂದು ಬೀಳುವುದಿಲ್ಲ.

ತಂತ್ರಾಂಶಕ್ಕೆ ಹೆಚ್ಚಿನ ಖರ್ಚಿಲ್ಲ. 2000ದಲ್ಲಿ ಹೊರಬಂದ ಆಡಾಸಿಟಿ ಇಂದಿಗೂ ಉಚಿತ. ಮ್ಯಾಕ್ ಯಂತ್ರಗಳಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ. ಕದ್ದ ತಂತ್ರಾಂಶವನ್ನು ಹಾಕಿಕೊಡುವ ಅಂಗಡಿಗಳಿವೆ. ಅಂಥದರೊಂದಿಗೆ ವೈರಸ್ ಕೂಡ ಮನೆಗೆ ಬರುತ್ತದೆ, ಬೇಡ.

ಈಗ ಕಾಪಾಡುವ ಮಾತು. ಕೊಟೇಶನ್ನಿನಲ್ಲಿ ಇದಕ್ಕೆ ಒಂದು ಪೈಸೆಯನ್ನೂ ಇಟ್ಟಿರಲಿಲ್ಲ, ನಾವೂ 2011ರಲ್ಲಿ ಇಟ್ಟಿರಲಿಲ್ಲ. ಬಲ್ಲವರು ಹೇಳುವ ಕ್ರಮ ಸರಳವಾದುದು: ಪ್ರತಿಯೊಂದು ಮುದ್ರಣದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಮನೆಯ ಹೊರಗಿರಬೇಕು. ನಾವು ಈಗ ಮಾಡುವುದು ಹೀಗೆ. ಯಂತ್ರದ ಎಸ್‌ಎಸ್‌ಡಿಯಲ್ಲಿ ಒಂದು. ತಿಂಗಳಿಗೊಮ್ಮೆ ತೆಗೆದು ಸಿಕ್ಕಿಸುವ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು. ಅಂಥದೇ ಇನ್ನೊಂದು ಡಿಸ್ಕು ಹುಬ್ಬಳ್ಳಿಯಲ್ಲಿರುವ ತಂಗಿಯ ಮನೆಯ ಟ್ರಂಕಿನಲ್ಲಿ. ಹಬ್ಬಕ್ಕೆ ಬಂದಾಗಲೆಲ್ಲ ಅವಳು ಅದನ್ನು ತರುತ್ತಾಳೆ, ಹೊಸ ಹಾಡುಗಳನ್ನು ತುಂಬಿಸಿಕೊಂಡು ಒಯ್ಯುತ್ತಾಳೆ. ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಇಡುವುದಕ್ಕೆ ಎಸ್‌ಎಸ್‌ಡಿ ತಕ್ಕುದಲ್ಲ. ವಿದ್ಯುತ್ತಿಲ್ಲದೆ ಬಹಳ ಕಾಲ ಬಿದ್ದಿದ್ದರೆ ಬರೆದದ್ದು ಮಾಸುವ ಭಯವಿದೆ. ಮೂಲಮುದ್ರಣವನ್ನು ವೇವ್ ರೂಪದಲ್ಲಿಯೇ ಇಡಬೇಕು. ಎಂಪಿ3 ಹಂಚಲು ಅನುಕೂಲ, ಆದರೆ ಅದರಲ್ಲಿ ಕಳೆದುಹೋದ ಅಂಶ ಮರಳಿ ಬಾರದು.

ಹಳೆಯ ಕ್ಯಾಸೆಟ್ಟುಗಳಿರುವವರಿಗೂ ಇದೇ ಇಂಟರ್‌ಫೇಸ್ ಸಾಕು. ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ ಎಳೆದು ಪೂರ್ತಿ ಓಡಿಸಿದರೆ ಆಯಿತು. ಮದುವೆಯ ಆ ಮೂರು ಸೋಬಾನೆ ಪದಗಳನ್ನು ನಾವು ಹೀಗೆಯೇ ಇಳಿಸಿಕೊಂಡೆವು. ಹಿಂದೆ ಬಳೆಗಳ ಸದ್ದು, ಮಕ್ಕಳ ಅಳು, ಯಾರೋ ನೀರು ಕೇಳುವುದು ಎಲ್ಲವೂ ಇದೆ. ಅವು ಯಾವುವನ್ನೂ ತೆಗೆಯಲು ನಮಗೆ ಮನಸ್ಸಾಗಿಲ್ಲ.

ಶಿಕ್ಷಕರಿಗೆ ನಾವು ಬರೆದ ಉತ್ತರದ ಸಾರ ಹೀಗಿತ್ತು. ಬಜೆಟ್ಟನ್ನು 1,10,000 ರೂಪಾಯಿಗೆ ಇಳಿಸಿ, ಪಟ್ಟಿಯನ್ನು ತಿರುವಿಹಾಕಿ. ಗ್ರಾಫಿಕ್ಸ್ ಕಾರ್ಡು, ದೀಪದ ಡಬ್ಬಿ, ಬಾಗಿದ ಪರದೆ ಹೋಗಲಿ. ಸುಮಾರು ಅರವತ್ತು ಸಾವಿರದೊಳಗೆ ಸದ್ದಿಲ್ಲದ ಯಂತ್ರ ಕೊಳ್ಳಿ. ಡೆಸ್ಕ್‌ಟಾಪಾದರೆ ನಿಧಾನವಾಗಿ ತಿರುಗುವ ಒಂದೆರಡು ದೊಡ್ಡ ಫ್ಯಾನುಗಳಿರುವುದನ್ನು ಆರಿಸಿ. ಚಿಕ್ಕ ಫ್ಯಾನು ವೇಗವಾಗಿ ತಿರುಗಿ ಹೆಚ್ಚು ಕಿರುಚುತ್ತದೆ. ಅಂಗಡಿಯ ಗದ್ದಲದಲ್ಲಿ ಫ್ಯಾನಿನ ಸದ್ದು ತಿಳಿಯದು, ಹತ್ತು ನಿಮಿಷ ಶಾಂತವಾದ ಕಡೆ ಓಡಿಸಿ ತೋರಿಸಲು ಕೇಳಿ, ಒಪ್ಪದವರಲ್ಲಿ ಕೊಳ್ಳಬೇಡಿ. ಉಳಿದದ್ದರಲ್ಲಿ ಮೊದಲು ಇಂಟರ್‌ಫೇಸ್, ಒಂದು ಒಳ್ಳೆಯ ಮೈಕ್, ಅದರ ಸ್ಟ್ಯಾಂಡ್, ಉದ್ದನೆಯ ತಂತಿ, ಹೊರಗೆ ಸದ್ದು ಸೋರದ ಹೆಡ್‌ಫೋನ್, ಯುಪಿಎಸ್, ಎರಡು ಹೊರಗಿನ ಹಾರ್ಡ್‌ಡಿಸ್ಕ್. ಎರಡನೆಯ ಮೈಕು, ಸ್ಪೀಕರು, ಮಿಡಿ ಕೀಬೋರ್ಡು ವರ್ಷ ಕಳೆದ ಮೇಲೆ ನೋಡಿಕೊಳ್ಳಬಹುದು. ಮಗನಿಗೆ ಬೇಸರವಾದೀತು. ಆದರೆ ಅವನ ಗುರುಗಳಿಗೆ ಈ ಎರಡೂ ಪಟ್ಟಿಗಳನ್ನು ತೋರಿಸಿ ಕೇಳಲಿ.

ಈ ಅಂಕಣವನ್ನು ಅಚ್ಚಿಗೆ ಕಳಿಸುವ ಹೊತ್ತಿಗೆ ಆ ಮನೆಯಿಂದ ಮತ್ತೊಂದು ಪತ್ರ ಬಂದಿತು. ಈ ಸಲ ಅಕ್ಷರ ಮಗನದು. ಪಟ್ಟಿಯನ್ನು ತಾನೇ ಹೊಸದಾಗಿ ಮಾಡಿದ್ದೇನೆಂದೂ, ಬಾಗಿದ ಪರದೆಯನ್ನು ಬಿಡಲು ಮಾತ್ರ ಸ್ವಲ್ಪ ಕಷ್ಟವಾಯಿತೆಂದೂ ಬರೆದಿದ್ದಾನೆ. ಯಂತ್ರ ಬರಲು ಇನ್ನೂ ಒಂದು ತಿಂಗಳಾಗುತ್ತದಂತೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾನೆ: “ನಮ್ಮ ಅಮ್ಮ, ಅಂದರೆ ಅಪ್ಪಾಜಿಯವರ ತಾಯಿ, ಬೀಸುವ ಪದಗಳನ್ನು ಹಾಡುತ್ತಾರೆ. ಅವರಿಗೆ ಎಂಬತ್ತಾರು ವರ್ಷ. ಯಂತ್ರ ಬರುವತನಕ ಕಾಯಬೇಕೋ, ಮೊಬೈಲಿನಲ್ಲಿಯೇ ಹಿಡಿಯಬಹುದೋ?”

ಪತ್ರಕ್ಕೆ ಪತ್ರ ಬರೆಯುತ್ತ ಕೂರದೆ ನಾವು ಅಂದು ಸಂಜೆಯೇ ಫೋನ್ ಮಾಡಿದೆವು. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕು, ಮಡಚಿದ ಕೌದಿಯ ಮೇಲೆ ಅವರಿಂದ ಒಂದು ಮೊಳ ದೂರಕ್ಕೆ ಇಡು, ಛಾವಣಿಯ ಫ್ಯಾನನ್ನೂ ಫ್ರಿಜ್ಜನ್ನೂ ಅರ್ಧ ಗಂಟೆ ಆರಿಸು, ಹಾಡು ಮುಗಿದ ಮೇಲೆ ಅವರಾಡುವ ಮಾತನ್ನೂ ನಿಲ್ಲಿಸದೆ ಹಿಡಿ, ಮಲಗುವ ಮೊದಲು ಇನ್ನೊಂದು ಮೊಬೈಲಿಗೆ ಪ್ರತಿ ಮಾಡು ಎಂದು ಹೇಳಿದೆವು. ಆಚೆಯಿಂದ ಅಜ್ಜಿಯ ಧ್ವನಿ ಕೇಳಿಸುತ್ತಿತ್ತು. ಯಾರು ಫೋನಿನಲ್ಲಿ, ಊಟ ಆತೇನು ಕೇಳು ಎನ್ನುತ್ತಿದ್ದರು.